ಎರಡು ಕಡಲುಗಳ ನಡುವೆ ಒಂದು ಹಗಲು

ಒಂದೇ ಹಗಲಿನಲ್ಲಿ ದೇಶ ದಾಟುತ್ತೇನೆಂದು ನನ್ನ ಹೆಂಡತಿ ದಾನಮ್ಮ ಸಾರಿಗೆ ಕಚೇರಿಯಲ್ಲಿ ಹೇಳಿ ಬಂದ ದಿನ ನಾನು ಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು, ಒಂದು ಚೊಂಬು ನೀರು ಗಟಗಟ ಕುಡಿದಳು, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು.

"ಹೆಸರು ಕೊಟ್ಟು ಬಂದೀನ್ರಿ," ಎಂದಳು.

"ಯಾವುದಕ್ಕ?"

"ಆ ಕಡಲಿಂದ ಈ ಕಡಲಿಗೆ. ಹೊತ್ತು ಹುಟ್ಟಿದ ಮ್ಯಾಲೆ ಬಿಡೂದು, ಹೊತ್ತು ಮುಳುಗೂದ್ರಾಗ ಮುಟ್ಟೂದು. ಯಾರೂ ಮುಂದ ಬರಲಿಲ್ಲ. ಗಂಡಸರೆಲ್ಲಾ ಚಾವಣಿ ನೋಡ್ಕೋಂತ ಕುಂತಿದ್ರು."

ನಾನು ಬದನೆಕಾಯಿ ಬದಿಗಿಟ್ಟೆ. ಹುಬ್ಬಳ್ಳಿಯ ಮಾರ್ಗಜಾಲ ಕೇಂದ್ರದಲ್ಲಿ ಪರದೆ ನೋಡುವುದು ನನ್ನ ಕೆಲಸ. ಅಂದರೆ ಮಹಾತಾಯಿ ಪಂದ್ಯ ಕಟ್ಟಿದ್ದು ಆ ಜಾಲದ ವಿರುದ್ಧ, ನನ್ನ ಅನ್ನದ ತಟ್ಟೆಯ ಮೇಲೇ.

ಮಾರ್ಗಜಾಲ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಸ್ಟಿಯರಿಂಗ್ ಎಂದರೇನೆಂದು ಬಿಡಿಸಿ ಹೇಳಬೇಕು. ರಸ್ತೆಯೊಳಗೆ ಸಂವೇದಕಗಳನ್ನು ಹೂತಿದ್ದಾರೆ. ಯಾವ ಗಾಡಿ ಯಾವ ಗಳಿಗೆಯಲ್ಲಿ ಎಲ್ಲಿರಬೇಕೆಂದು ಜಾಲವೇ ನಿರ್ಧರಿಸುತ್ತದೆ, ಗಾಡಿ ತಾನೇ ಹೋಗುತ್ತದೆ. ಅಪಘಾತಗಳು ಬಹುಮಟ್ಟಿಗೆ ನಿಂತವು. ಅದನ್ನು ಅಲ್ಲಗಳೆಯುವ ಮನುಷ್ಯ ನಾನಲ್ಲ, ನನ್ನ ಅಣ್ಣ ಲಾರಿಯ ಕೆಳಗೆ ಹೋದವನು. ಆದರೆ ಜಾಲ ಇರುವುದು ಸಂವೇದಕ ಇರುವಲ್ಲಿ ಮಾತ್ರ. ಕಲಘಟಗಿ ರಸ್ತೆಯಿಂದ ಒಳಗೆ ತಿರುಗಿ ಸ್ವಲ್ಪ ದೂರ ಹೋದರೆ ಕೊನೆಯ ಕಂಬ ಬರುತ್ತದೆ. ಅಲ್ಲಿ ಜಾಲದ ಗಾಡಿಗಳು ನಿಂತು, ಪ್ರಯಾಣಿಕರನ್ನು ಇಳಿಸಿ, ಹಿಂದಿರುಗುತ್ತವೆ. ಅದರಾಚೆಯ ಹಳ್ಳಿಗಳಿಗೆ ಇದ್ದದ್ದು ದಾನಮ್ಮನ ಜೀಪು. ಸೀಗಿನಕೊಪ್ಪದ ಕರೆವ್ವ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುತ್ತಿದ್ದದ್ದು ಆ ಜೀಪಿನಲ್ಲಿ.

ಈಗ ಇಲಾಖೆಯವರು ದಾನಮ್ಮನಂತೆ ಗಾಡಿಯನ್ನು ಕೈಯಾರೆ ಓಡಿಸುವ ಕೈಚಾಲಕರ ಲೈಸೆನ್ಸ್ ವರ್ಗವನ್ನೇ ರದ್ದು ಮಾಡಲು ಹೊರಟಿದ್ದರು. ಚಾಲಕರು ಕೋರ್ಟಿಗೆ ಹೋದರು. ಕೈಚಾಲಕರಿಂದ ಜಾಲದ ವೇಗ ಕುಗ್ಗುತ್ತದೆ ಎಂಬುದು ಇಲಾಖೆಯ ವಾದ. ಹಾಗಾದರೆ ಒಬ್ಬ ಕೈಚಾಲಕ ಒಂದು ಹಗಲಿನಲ್ಲಿ ಕಡಲಿಂದ ಕಡಲಿಗೆ, ಅಪಘಾತವಿಲ್ಲದೆ, ಒಂದು ಸಿಗ್ನಲನ್ನೂ ಮುರಿಯದೆ ತಲುಪಿ ತೋರಿಸಲಿ, ತೋರಿಸಿದರೆ ವರ್ಗ ಉಳಿಯುತ್ತದೆ ಎಂದಿತು ಕೋರ್ಟು. ದಾನಮ್ಮ ಹೆಸರು ಕೊಟ್ಟದ್ದು ಇದಕ್ಕೆ.

ಮರುದಿನದಿಂದಲೇ ದಾವಲಸಾಬನ ಗ್ಯಾರೇಜಿನಲ್ಲಿ ನಮ್ಮ ಬೈಠಕ್ಕು. ದಾವಲಸಾಬ ಜೀಪಿನ ಹುಟ್ಟಿನಿಂದ ಅದರ ವೈದ್ಯ. ನೆಲದ ಮೇಲೆ ಸೀಮೆಸುಣ್ಣದಿಂದ ದೇಶದ ನಕ್ಷೆ ಬರೆದ. ಕಾರವಾರದಿಂದ ಮಚಲೀಪಟ್ಟಣಕ್ಕೆ ಒಂದು ಗೆರೆ ಎಳೆದು, "ಒಂಬೈನೂರು ಕಿಲೋಮೀಟರ್ ಹಿಡೀರಿ," ಎಂದ. "ಕಾರವಾರದಿಂದ ಬಿಟ್ರ ಮುಂಜಾನೆ ತಂಪಿನ್ಯಾಗ ಘಾಟ್ ಹತ್ತಿಬಿಡಬಹುದು ಅಕ್ಕಾ."

"ಆ ಕಡೆಯಿಂದ ಈ ಕಡೆ ಬರಬೇಕು," ಎಂದೆ ನಾನು.

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಪಾಠ ಹೇಳುವ ಚಟ ಇದೆ, ಅವಕಾಶ ಸಿಕ್ಕರೆ ಬಿಡುವುದಿಲ್ಲ. ಭೂಮಿ ಒಂದು ರೇಖಾಂಶದಷ್ಟು ತಿರುಗಲು ನಾಲ್ಕು ನಿಮಿಷ ಬೇಕು. ಎರಡು ಊರುಗಳ ನಡುವೆ ಏಳು ರೇಖಾಂಶ. ಪೂರ್ವದಲ್ಲಿ ಸೂರ್ಯ ಹುಟ್ಟಿದಾಗ ಹೊರಟು ಪಶ್ಚಿಮಕ್ಕೆ ಓಡಿದರೆ ಸೂರ್ಯ ನಮಗಾಗಿ ಇಪ್ಪತ್ತೆಂಟು ನಿಮಿಷ ತಡವಾಗಿ ಮುಳುಗುತ್ತಾನೆ. ಎದುರು ದಿಕ್ಕಿಗೆ ಹೋದರೆ ಅಷ್ಟನ್ನೇ ಕಳೆದುಕೊಳ್ಳುತ್ತೇವೆ.

"ಮಧ್ಯಾಹ್ನದ ಮ್ಯಾಲೆ ಬಿಸಿಲು ಕಣ್ಣಿಗೆ ಹೊಡಿತೈತಿ," ಎಂದಳು ದಾನಮ್ಮ. ಸ್ವಲ್ಪ ಯೋಚಿಸಿ, "ಹೊಡೀಲಿ ಬಿಡ್ರಿ. ಪುಕ್ಕಟೆ ಹೊತ್ತು ಕೊಡಾಕ ಭೂಮಿ ಒಂದ ತಯಾರೈತಿ, ಬ್ಯಾಡ ಅನಬಾರದು," ಎಂದಳು.

ತಿಂಗಳು ಮೇ ಎಂದಾಯಿತು. ಹಗಲು ಉದ್ದ, ಆದರೆ ಟೈರು ಕಾಯುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಜೂನ್ ಆದರೆ ಅರಬೈಲ್ ಘಾಟಿನಲ್ಲಿ ಮಳೆ. ಬ್ಯಾಟರಿ ಬದಲಿಸಲು ನಲ್ಲಮಲ ಕಾಡು ದಾಟಿದ ಮೇಲೊಂದು ಕಡೆ, ಬಳ್ಳಾರಿಯಲ್ಲೊಂದು ಕಡೆ, ಹುಬ್ಬಳ್ಳಿಯಲ್ಲಿ ದಾವಲಸಾಬನ ಕೈಯಲ್ಲೇ. ಊಟಕ್ಕೆ ನಿಲ್ಲುವಂತಿಲ್ಲ. ಎಣ್ಣೆ ಸವರಿದ ಮೆತ್ತಗಿನ ರೊಟ್ಟಿಯಲ್ಲಿ ಶೇಂಗಾ ಚಟ್ನಿ ಸುತ್ತಿ ಕೊಟ್ಟರೆ ಒಂದೇ ಕೈಯಲ್ಲಿ ತಿನ್ನಬಹುದು. ಕುಡಿದ ನೀರಿಗೆ ಎಲ್ಲಿ ಇಳಿಯುವುದೆಂಬ ಮಾತು ಬಂದಾಗ ದಾವಲಸಾಬ ಸೀಮೆಸುಣ್ಣ ತಿರುಗಿಸುತ್ತ ಕುಳಿತ. ದಾನಮ್ಮನೇ ಬಾಯಿಬಿಟ್ಟಳು: "ಗಂಡಸರಿಗೆ ರಸ್ತಾದ ಬದಿ ಪೂರ್ತಿ ಅವರದ. ನನಗ ಎಲ್ಲೆಲ್ಲಿ ಬಾಗಲಾ ಇರೋ ಪಾಯಖಾನೆ ಐತಿ ಅದನ್ನ ಮೊದಲ ನಕ್ಷಾದಾಗ ಹಾಕ್ರಿ." ಹಾಕಿದೆವು. ಭಾರ ಕಡಿಮೆ ಮಾಡಲು ಹಿಂದಿನ ಸೀಟುಗಳನ್ನು ಬಿಚ್ಚಿ ಗ್ಯಾರೇಜಿನ ಮೂಲೆಗೆ ಹಾಕಿದ ದಾವಲಸಾಬ.

ಕೈಯಾರೆ ಓಡಿಸುವ ಗಾಡಿಗೆ, ಕೇಂದ್ರದ ಮಾತಿನಲ್ಲಿ ಕೈಗಾಡಿಗೆ, ಗಂಟೆಗೆ ತೊಂಬತ್ತು ಕಿಲೋಮೀಟರ್ ಮಿತಿ. ಆ ಲೆಕ್ಕದಲ್ಲಿ ಹತ್ತು ಗಂಟೆಯ ಓಟ, ಮೇಲೆ ಮೂರು ಗಂಟೆಗೂ ಹೆಚ್ಚು ಉಳಿತಾಯ. ಅಷ್ಟು ಸುಲಭವಾದರೆ ಇಲಾಖೆ ಈ ಪರೀಕ್ಷೆಗೆ ಒಪ್ಪುತ್ತಲೇ ಇರಲಿಲ್ಲ ಎಂದು ನನಗೆ ಒಳಗೊಳಗೇ ಅನುಮಾನವಿತ್ತು.

ಕೇಂದ್ರದಲ್ಲಿ ನನ್ನ ಮೇಲಧಿಕಾರಿ ಸುಲಭಾ ದೇಸಾಯಿ. ಧಾರವಾಡದವರು, ಮಾತು ಕಡಿಮೆ, ಮುಖದಲ್ಲಿ ಏನೂ ಗೊತ್ತಾಗದು. ಜಾಲದ ಅನುಕರಣ ಯಂತ್ರದಲ್ಲಿ ಈ ಓಟವನ್ನು ಮೊದಲು ಪರದೆಯ ಮೇಲೆಯೇ ಓಡಿಸಿ ನೋಡಬಹುದೇ ಎಂದು ಕೇಳಿದೆ.

"ಸಾರ್ವಜನಿಕರು ಯಾರು ಬೇಕಾದ್ರೂ ಕೇಳಬಹುದು ಅಂತ ನಿಯಮ ಅದ. ನೀವೂ ಸಾರ್ವಜನಿಕರೇ ಅಲ್ಲೇನು?" ಎಂದರು.

ಓಡಿಸಿದೆ. ಯಂತ್ರದೊಳಗಿನ ದಾನಮ್ಮ ಯಲ್ಲಾಪುರದ ಕಾಡಿನಲ್ಲಿರುವಾಗಲೇ ಸೂರ್ಯ ಮುಳುಗಿದ. ಹತ್ತು ಸಲ ಓಡಿಸಿದರೂ ಅದೇ ಕಥೆ.

ಕಾರಣ ಶಂಕೆಯ ಉಂಗುರ. ಕೈಗಾಡಿ ಮುಂದಿನ ಗಳಿಗೆಯಲ್ಲಿ ಏನು ಮಾಡುತ್ತದೆಂದು ಜಾಲಕ್ಕೆ ಖಚಿತವಿಲ್ಲ. ಅದಕ್ಕೇ ಅದರ ಸುತ್ತ ಒಂದು ಹಳದಿ ಉಂಗುರ ಎಳೆಯುತ್ತದೆ. ಉಂಗುರದೊಳಗೆ ಬೇರೆ ಗಾಡಿ ಕಾಲಿಡುವಂತಿಲ್ಲ. ಹಿಂದಿನಿಂದ ಜಾಲದ ಗಾಡಿಗಳ ಸಾಲು ಬಂದರೆ ಕೈಗಾಡಿಗೆ ಬದಿಗೆ ಸರಿಯುವ ಸಿಗ್ನಲ್ ಬೀಳುತ್ತದೆ. ಸಾಲು ಹೋಗುವವರೆಗೆ ಕಾಯಬೇಕು. ಚಾಲಕ ಎಷ್ಟು ಚಂಚಲನೋ ಉಂಗುರ ಅಷ್ಟು ದೊಡ್ಡದು, ಕಾಯುವುದೂ ಅಷ್ಟು ಹೆಚ್ಚು. ಪರದೆಯ ಮೇಲೆ ನಾನು ದಿನವೂ ನೋಡುವ ಉಂಗುರ, ಅದು ನನ್ನ ಹೆಂಡತಿಯ ಕುತ್ತಿಗೆಗೆ ಬೀಳುತ್ತದೆಂದು ಹೊಳೆದಿರಲಿಲ್ಲ.

ದಾರಿ ಒಂದೇ ಇತ್ತು. ಉಂಗುರವನ್ನು ಕುಗ್ಗಿಸಬೇಕು. ದಾನಮ್ಮ ಯಂತ್ರದ ಹಾಗೆ ಓಡಿಸಲು ಕಲಿಯಬೇಕು. ಒಂದೇ ವೇಗ, ಒಂದೇ ಸಾಲು, ಸುಮ್ಮನೆ ಬ್ರೇಕು ಒತ್ತುವಂತಿಲ್ಲ, ಮನಸ್ಸು ಬದಲಿಸುವಂತಿಲ್ಲ. ನಾನು ಗುರುವಾದೆ. ರಜೆಯ ದಿನಗಳಲ್ಲಿ ಪಕ್ಕದಲ್ಲಿ ಕುಳಿತು, ಆಕೆ ವೇಗ ಇಳಿಸಿದಾಗಲೆಲ್ಲ ಗದರುತ್ತಿದ್ದೆ. ಆಕೆ ಹಲ್ಲು ಕಚ್ಚಿ ಕಲಿತಳು. ಕೇಂದ್ರದ ಪರದೆಯಲ್ಲಿ ಆಕೆಯ ಉಂಗುರ ವಾರದಿಂದ ವಾರಕ್ಕೆ ಚಿಕ್ಕದಾಗುತ್ತ ಬಂತು. ಅನುಕರಣ ಯಂತ್ರದಲ್ಲಿ ಈಗ ಆಕೆ ಸೂರ್ಯ ಇನ್ನೂ ಮೇಲಿರುವಾಗಲೇ ಕಾರವಾರ ಮುಟ್ಟುತ್ತಿದ್ದಳು. ನಾನು ಬೀಗಿದೆ.

ಒಂದು ಸಂಜೆ ಆಕೆ ಮನೆಗೆ ಬಂದು ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕುಳಿತಳು.

"ಕೈ ಎತ್ತಿದವರನ್ನ ಬಿಟ್ಟು ಬಂದೀನ್ರಿ," ಎಂದಳು.

ಇದು ಹೊರಗಿನವರಿಗೆ ಸಣ್ಣ ಮಾತು. ನಮ್ಮ ಭಾಗದ ಜೀಪಿನವರಲ್ಲಿ ಒಂದು ಕಟ್ಟು ಇದೆ: ಎತ್ತಿದ ಕೈಯನ್ನು ದಾಟಿ ಹೋಗುವಂತಿಲ್ಲ. ಜಾಗ ಇಲ್ಲದಿದ್ದರೂ, ಬೇರೆ ದಾರಿಗೆ ಹೊರಟಿದ್ದರೂ, ನಿಲ್ಲಿಸಿ ಮುಖ ನೋಡಿ "ಜಾಗ ಇಲ್ರಿ" ಎಂದು ಹೇಳಿಯೇ ಮುಂದೆ ಹೋಗಬೇಕು. ಹೇಳದೆ ಹೋದವನ ಗಾಡಿಯನ್ನು ಮರುದಿನ ಯಾರೂ ಹತ್ತುವುದಿಲ್ಲ.

"ಯಾರು ಇದ್ರು?"

"ಕರೆವ್ವ. ಆಸ್ಪತ್ರಿಂದ ಹೊಳ್ಳಿ ಬಂದು ಕಂಬದ ಹತ್ರ ನಿಂತಿದ್ಲು. ನಾ ನೋಡೀನಿ. ಕಾಲು ಬ್ರೇಕಿನ ಮ್ಯಾಲೆ ಹೋಗಲಿಲ್ಲ. ನೀವು ಗದರ್ತೀರಿ ಅಂತ ಕಾಲಿಗೇ ಗೊತ್ತಾಗೇತಿ. ಎರಡು ಹರದಾರಿ ಹೋದ ಮ್ಯಾಲೆ ಎಚ್ಚರಾತು. ಹೊಳ್ಳಿ ಬಂದ್ರ ಆಕಿ ಕಂಬಕ್ಕ ಒರಗಿ ಕುಂತಿದ್ಲು. ಏನಂದ್ಲು ಗೊತ್ತೇನ್ರಿ? 'ಜಾಲದ ಗಾಡಿ ಅನಕೊಂಡ್ನೆವ್ವ, ಅದಕ್ಕ ಕೈ ಇಳಿಸಿದೆ' ಅಂದ್ಲು."

ನಾನು ಕಲಿಸಿದ ವಿದ್ಯೆ ಇದು. ನಾಚಿಕೆಯಾಯಿತು.

"ನಾ ಹಿಂಗ ಗೆದ್ರ ಗೆದ್ದದ್ದು ಯಾರು?" ಎಂದಳು ದಾನಮ್ಮ. "ಮನಿಷ್ಯಾರು ಜಾಲದಂಗ ಓಡಿಸ್ತಾರ ಅಂತ ತೋರಿಸಾಕ ನಾ ಅಲ್ಲಿ ತನಕಾ ಹೋಗಬೇಕೇನು? ಜಾಲ ಐತೆಲ್ಲ, ಅದ ಓಡಿಸ್ತೈತಿ. ನಾ ಹೆಂಗದೀನಿ ಹಂಗ ಹೋಗ್ತೀನಿ. ಹಾದ್ಯಾಗ ಎಷ್ಟು ಕೈ ಎತ್ತಿದ್ರೂ ನಿಲ್ಲಿಸ್ತೀನಿ."

"ಸೋಲ್ತಿ."

"ಸೋಲ್ತೀನಿ. ಸೋತ್ರ ನಾ ಸೋತಂಗಾತು, ಗೆದ್ರ ನಾ ಗೆದ್ದಂಗಾತು. ಈಗ ಹಂಗೂ ಇಲ್ಲ, ಹಿಂಗೂ ಇಲ್ಲ."

ಮರುದಿನ ಗ್ಯಾರೇಜಿಗೆ ಹೋಗಿ ಮೂಲೆಯಲ್ಲಿದ್ದ ಸೀಟುಗಳನ್ನು ತೋರಿಸಿ, "ಹಾಕು," ಎಂದಳು. ದಾವಲಸಾಬ ಭಾರದ ಲೆಕ್ಕ ಹೇಳಲು ಬಾಯಿ ತೆರೆದ, ಆಕೆಯ ಮುಖ ನೋಡಿದ, ಸ್ಪಾನರು ಎತ್ತಿಕೊಂಡ.

ಓಟದ ದಿನ ಕೇಂದ್ರ ತುಂಬಿತ್ತು. ಇಲಾಖೆಯವರು, ಕೋರ್ಟಿನಿಂದ ನೇಮಕವಾದ ವೀಕ್ಷಕರು, ಪತ್ರಿಕೆಯವರು. ವೀಕ್ಷಕರು ಜೀಪಿನಲ್ಲಿ ಕ್ಯಾಮೆರಾ, ಮೈಕು ಕೂರಿಸಿದ್ದರು. ದೇಸಾಯಿ ಮೇಡಂ ನನ್ನ ಕೀಲಿಮಣೆಯನ್ನು ತೆಗೆದು ತಮ್ಮ ಮೇಜಿನ ಮೇಲಿಟ್ಟುಕೊಂಡರು. "ಕೈ ಕಟ್ಟಿ ಕೂಡ್ರಿ. ಇವತ್ತು ನೀವು ಬರೇ ಗಂಡ," ಎಂದರು.

ಮಚಲೀಪಟ್ಟಣದ ಕಡಲಂಚಿನಲ್ಲಿ ಸೂರ್ಯನ ಅಂಚು ಕಂಡೊಡನೆ ಜೀಪು ಹೊರಟಿತು. ಪರದೆಯಲ್ಲಿ ಸಣ್ಣ ಉಂಗುರ, ಹಳೆಯ ಅಭ್ಯಾಸದ್ದು. ಗುಂಟೂರು ಬರುವ ಮೊದಲೇ ಮೊದಲ ಕೈ ಎತ್ತಿತು. ಮೇಕೆ ಹಿಡಿದುಕೊಂಡ ಒಬ್ಬ ಗಂಡಸು. ದಾನಮ್ಮ ನಿಲ್ಲಿಸಿದಳು. ತೆಲುಗು ಬಾರದ ಆಕೆಗೆ ಏನು ತಿಳಿಯಿತೋ, ಕನ್ನಡ ಬಾರದ ಆತನಿಗೆ ಏನು ತಿಳಿಯಿತೋ, ಮೇಕೆ ಸಮೇತ ಹತ್ತಿದ. ಉಂಗುರ ಹಿಗ್ಗಿತು. ಇಲಾಖೆಯವರ ಗುಂಪಿನಲ್ಲಿ ಒಬ್ಬರು ನಕ್ಕರು.

ಆಮೇಲೆ ಕೈಗಳು ಏಳುತ್ತಲೇ ಹೋದವು. ಸುದ್ದಿ ಆಕೆಗಿಂತ ಮುಂದೆ ಓಡಿತ್ತು. ಹರಸಲು ಬಂದವರೂ ರಸ್ತೆ ಬದಿಯಲ್ಲಿ ನಿಂತು ಕೈ ಬೀಸಿದರು. ಹರಸುವ ಕೈ ಯಾವುದು, ಕರೆಯುವ ಕೈ ಯಾವುದು ಎಂದು ವಿಂಗಡಿಸುವ ಪದ್ಧತಿ ನಮ್ಮ ಜೀಪಿನವರಲ್ಲಿಲ್ಲ. ಪ್ರತಿಯೊಂದು ಕೈಗೂ ಆಕೆ ನಿಂತಳು, ಮುಖ ನೋಡಿದಳು, ಹೊರಟಳು. ಸಿಗ್ನಲ್ ಬಿದ್ದಾಗ ಬದಿಗೆ ಸರಿದಳು, ಒಂದನ್ನೂ ಮುರಿಯಲಿಲ್ಲ. ನಲ್ಲಮಲ ಕಾಡು ದಾಟುವಾಗ ಆಕೆ ಒಂದೂವರೆ ಗಂಟೆ ಹಿಂದಿದ್ದಳು. ಉಂಗುರ ಈಗ ಒಂದು ಊರನ್ನು ನುಂಗುವಷ್ಟು ದೊಡ್ಡದಾಗಿತ್ತು. ನಾನು ನೆಲ ನೋಡುತ್ತ ಕುಳಿತಿದ್ದೆ.

ಬಳ್ಳಾರಿಯ ಹತ್ತಿರ ಉಂಗುರ ಮಾಯವಾಯಿತು.

ಕೋಣೆಯಲ್ಲಿ ಗದ್ದಲವೆದ್ದಿತು. ಜೀಪಿನ ಜಾಗದಲ್ಲಿ ಒಂದು ಕಂದು ಗುರುತು ಮೂಡಿತ್ತು, ಅದಕ್ಕೆ ಎರಡು ಕೊಂಬು. ದೇಸಾಯಿ ಮೇಡಂ ಕನ್ನಡಕ ಏರಿಸಿ ನೋಡಿದರು.

"ಜಾನುವಾರು," ಎಂದರು.

ನನಗೆ ಆಗ ನೆನಪಾಯಿತು. ಎಮ್ಮೆಗಳ ಹಿಂಡು ರಸ್ತೆಗೆ ಬಂದರೆ ಜಾಲ ಅವಕ್ಕೆ ಸಿಗ್ನಲ್ ಕೊಡುವುದಿಲ್ಲ. ಕೊಟ್ಟು ಫಲವಿಲ್ಲ ಎಂದು ಅದಕ್ಕೆ ಮೊದಲೇ ಕಲಿಸಿದ್ದಾರೆ. ಯಾವುದರ ಬಗೆಗಾದರೂ ಊಹೆ ಒಂದು ಮಿತಿಗಿಂತ ಹೆಚ್ಚು ಸಲ ತಪ್ಪಿದರೆ ಅದನ್ನು ಜಾನುವಾರು ಎಂದೇ ಬರೆದುಕೊಂಡು ಜಾಲ ಊಹಿಸುವುದನ್ನೇ ಬಿಡುತ್ತದೆ, ಮುಂದಿರುವ ಗಾಡಿಗಳನ್ನೆಲ್ಲ ಬೇರೆ ರಸ್ತೆಗೆ ತಿರುಗಿಸಿ ದಾರಿ ಖಾಲಿ ಮಾಡುತ್ತದೆ. ಮನುಷ್ಯರಲ್ಲಿ ಯಾರೂ ಇದುವರೆಗೆ ಆ ಮಿತಿ ದಾಟಿರಲಿಲ್ಲ. ಬದಿಗೆ ಕಾಯಿಸಿ ಕಾಯಿಸಿ ಎಲ್ಲರನ್ನೂ ಪಳಗಿಸಿದ್ದೆವು.

ಹೊಸಪೇಟೆಯ ರಸ್ತೆ ಬರಿದಾಯಿತು. ಕೊಪ್ಪಳ, ಗದಗ, ಎಲ್ಲ ಖಾಲಿ. ಬಸ್ಸಿಗೆ ಕಾದವರಿಗೆ ಅದು ಬಾರದೆಂದು ಇನ್ನೂ ತಿಳಿದಿರಲಿಲ್ಲ, ಎತ್ತಿದ ಕೈಗಳೂ ಅಪರೂಪವಾದವು. ಬದಿಗೆ ಸರಿಯೆಂದು ಹೇಳುವವರಿಲ್ಲ. ದಾನಮ್ಮ ಮಿತಿಯ ವೇಗದಲ್ಲಿ ಬಂದಳು, ಕಳೆದ ಹೊತ್ತನ್ನು ತುಂಬಿಕೊಳ್ಳುತ್ತ ಬಂದಳು. ಹುಬ್ಬಳ್ಳಿಯಲ್ಲಿ ದಾವಲಸಾಬ ಬ್ಯಾಟರಿ ಬದಲಿಸುವಾಗ ಲೆಕ್ಕ ಸರಿಹೋಗಿತ್ತು. ಇನ್ನು ಗೆಲ್ಲುತ್ತಾಳೆ ಎಂದು ಪತ್ರಿಕೆಯವರು ಬರೆದುಕೊಂಡರು. ನಗುತ್ತಿದ್ದವರು ನಗು ನಿಲ್ಲಿಸಿದ್ದರು. ನಾನು ಎದ್ದು ನಿಂತಿದ್ದೆ.

ಯಲ್ಲಾಪುರ ದಾಟಿದ ಮೇಲೆ ನನಗೆ ಅರ್ಥವಾಯಿತು. ರಸ್ತೆ ಖಾಲಿಯಾಯಿತೆಂದರೆ ಬಸ್ಸೂ ಇಲ್ಲ, ಬಾಡಿಗೆ ಕಾರೂ ಇಲ್ಲ. ದಾನಮ್ಮನಿಗೆ ದಾರಿ ಬಿಡಲು ಜಾಲ ತಿರುಗಿಸಿದ ಗಾಡಿಗಳಿಗೆ ಕಾದವರು ಊರೂರಿನ ನಿಲ್ದಾಣದಲ್ಲಿ ಉಳಿದಿದ್ದರು. ಅವರೆಲ್ಲ ಬರುತ್ತಿರುವ ಒಂದೇ ಒಂದು ಗಾಡಿಯನ್ನು ಕಂಡರು. ಕೈ ಎತ್ತಿದರು.

ಆಕೆ ನಿಂತಳು. ಘಾಟಿನ ಮೇಲೆ ಇಬ್ಬರು ಶಾಲಾ ಶಿಕ್ಷಕಿಯರು, ಕೆಳಗೆ ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಕೂಲಿಯವನು, ಮತ್ತೊಬ್ಬ, ಮತ್ತೊಬ್ಬ. ಸೀಟು ತುಂಬಿತು. ಸೂರ್ಯ ಜೀಪಿನ ಗಾಜಿನ ಮೇಲೇ ಕುಳಿತಿದ್ದ. ಅಂಕೋಲೆ ದಾಟಿದೊಡನೆ ಖಾಲಿ ಮೀನುಬುಟ್ಟಿ ಹಿಡಿದ ಒಬ್ಬ ಹೆಂಗಸು ಕೈ ಎತ್ತಿದಳು. ಬಾಯಿಬಿಟ್ಟು "ಜಾಗ ಇಲ್ರಿ" ಎಂದು ಹೇಳಿ ಹೊರಟರೂ ಕಟ್ಟು ಮುರಿದ ಹಾಗಾಗುತ್ತಿರಲಿಲ್ಲ. ಹೇಳು, ಹೇಳಿ ಹೊರಡು ಎಂದು ನಾನು ಪರದೆಗೆ ಬೇಡಿಕೊಂಡೆ.

ಜೀಪಿನೊಳಗಿನ ಮಾತು ನಮಗೆ ಕೇಳುತ್ತಿತ್ತು.

"ಮಧ್ಯಾಹ್ನದಿಂದ ಒಂದು ಬಸ್ಸಿಲ್ಲ ಮಾರಾಯ್ತಿ," ಎಂದಳು ಮೀನಿನ ಹೆಂಗಸು. "ಯಾವುದೋ ಪಂದ್ಯವಂತೆ. ಮನೆಯಲ್ಲಿ ಕೂಸಿದೆ, ನಾನು ಹೇಗೆ ಹೋಗಲಿ?"

"ಆ ಪಂದ್ಯದಾಕಿ ನಾನ ಅದೀನವ್ವ," ಎಂದಳು ದಾನಮ್ಮ. "ನನ್ನ ಸಂಬಂಧ ನಿನಗ ಬಸ್ ತಪ್ಪೇತಿ. ಹತ್ತು. ಎಲ್ಲಾರೂ ಜರಾ ಸರೀರಿ." ಸರಿದು ಕೂರಲು, ಬುಟ್ಟಿಗೆ ಜಾಗ ಮಾಡಲು, ಹೊತ್ತು ಹಿಡಿಯಿತು. ಹಾದಿಯಲ್ಲಿ ಮನೆಯ ತಿರುವಿನಲ್ಲಿ ಅವಳನ್ನು ಇಳಿಸಲು ಮತ್ತೆ ನಿಲ್ಲಬೇಕಾಯಿತು.

ಕಾರವಾರದ ಮರಳಿಗೆ ಜೀಪಿನ ಮುಂದಿನ ಚಕ್ರ ತಾಗಿದಾಗ ಸೂರ್ಯ ಮುಳುಗಿ ಮೂರು ನಿಮಿಷವಾಗಿತ್ತು. ಆಕಾಶದಲ್ಲಿ ಇನ್ನೂ ಬೆಳಕಿತ್ತು, ಆದರೆ ನಿಯಮ ಬೆಳಕಿನ ಮಾತಾಡಿರಲಿಲ್ಲ. ಅಲ್ಲಿದ್ದ ವೀಕ್ಷಕರು ತಲೆ ತಗ್ಗಿಸಿ, "ವಿಫಲ ಅಂತ ಬರೆಯಬೇಕಾಗ್ತದೆ ಅಮ್ಮ," ಎಂದರು.

"ಬರೀರಿ," ಎಂದಳು ದಾನಮ್ಮ. "ಎಷ್ಟು ಮಂದಿ ಇಳದ್ರು ಅದನ್ನೂ ಬರೀರಿ." ಅವರು ಬರೆಯಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಮುಂದಿನ ತಿಂಗಳೇ ಕೈಚಾಲಕರ ವರ್ಗ ರದ್ದಾಯಿತು. ದಾನಮ್ಮ ಸಾರಿಗೆ ಕಚೇರಿಗೆ ಹೋಗಿ ಲೈಸೆನ್ಸ್ ಒಪ್ಪಿಸಿ ಬಂದಳು. ರಾತ್ರಿ ಊಟ ಮಾಡಿ ಮಲಗಿದಳು. ನನಗೆ ಅಳು ಬಂತು, ಆಕೆಗೆ ನಿದ್ದೆ ಬಂತು. ಬೆಳಗ್ಗೆ ನೋಡಿದರೆ ಜೀಪಿನ ಗಾಜು ಒರೆಸುತ್ತಿದ್ದಳು.

"ಎಲ್ಲಿಗೆ?"

"ಇವತ್ತು ಕರೆವ್ವನ ಆಸ್ಪತ್ರಿ ದಿನ."

"ಹಿಡೀತಾರ. ಜೀಪು ಜಪ್ತಿ ಮಾಡ್ತಾರ."

"ಮಾಡ್ಲಿ. ಆಕಿ ನೆತ್ತರಕ್ಕ ಗೆಜೆಟ್ ಓದಾಕ ಬರಂಗಿಲ್ಲ."

ನಾನು ಕೇಂದ್ರಕ್ಕೆ ಓಡಿದೆ. ಪರದೆಯ ಮೇಲೆ ಕಲಘಟಗಿ ರಸ್ತೆಯಲ್ಲಿ ಒಂದು ಕಂದು ಗುರುತು ಅರವತ್ತರ ವೇಗದಲ್ಲಿ ಬರುತ್ತಿತ್ತು. ಮುಂದಿದ್ದ ಗಾಡಿಗಳು ಒಂದೊಂದಾಗಿ ದಾರಿ ಬಿಡುತ್ತಿದ್ದವು. ನಿಯಮ ಮುರಿದ ಗಾಡಿ ಕಂಡರೆ ಕೇಂದ್ರದಲ್ಲಿ ಮೊಳಗುವ ದಂಡದ ಗಂಟೆ ಮೊಳಗಲಿಲ್ಲ. ಜಾಲ ಒಮ್ಮೆ ಕಲಿತದ್ದನ್ನು ಯಾರಾದರೂ ತಿದ್ದುವವರೆಗೆ ಮರೆಯುವುದಿಲ್ಲ.

ದೇಸಾಯಿ ಮೇಡಂ ನನ್ನ ಹಿಂದೆ ಬಂದು ನಿಂತರು. ತಿದ್ದುವುದು ಅವರ ಕೆಲಸ. ಗುರುತಿನ ಮೇಲೆ ಒತ್ತಿ ವರ್ಗಗಳನ್ನು ತೆರೆದರು. ಜಾಲದ ವಾಹನ, ಪಾದಚಾರಿ, ಜಾನುವಾರು, ಅಷ್ಟೇ ಇದ್ದವು. ಕೈಚಾಲಕ ಎಂಬುದನ್ನು ಸರ್ಕಾರವೇ ಅಳಿಸಿತ್ತು.

"ಜಾಲದ ವಾಹನ ಅಂತ ನಾ ಸುಳ್ಳು ಬರೀಲಿಕ್ಕೆ ಆಗೂದಿಲ್ಲ," ಎಂದರು. "ನಡಕೋತ ಹೋಗಲಿಕ್ಕೂ ಹತ್ತಿಲ್ಲ." ಪಟ್ಟಿಯನ್ನು ಮುಚ್ಚಿ ತಮ್ಮ ಜಾಗಕ್ಕೆ ಹೋಗಿ ಕುಳಿತರು. ಹದಿನೈದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಆ ದಿನ ಮೊದಲ ಸಲ ನೋಡಿದೆ.

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. "ಸರ್ಕಾರದ ಲೆಕ್ಕದಾಗ ನೀ ಎಮ್ಮಿ ಆಗೀದಿ," ಎಂದೆ.

ದಾನಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ಎಮ್ಮಿ ಅಂದ್ರ ಎಮ್ಮಿ. ಎಮ್ಮಿಗೆ ಲೈಸೆನ್ಸ್ ಯಾರು ಕೇಳ್ತಾರ? ದಾರಿ ಬಿಟ್ರ ಸಾಕು."

ವಾರದೊಳಗೆ ದಾವಲಸಾಬನ ಗ್ಯಾರೇಜಿನ ಮುಂದೆ ಜೀಪುಗಳ ಸಾಲು. ಕುಂದಗೋಳದವರು, ನವಲಗುಂದದವರು, ಆ ದಿನ ಚಾವಣಿ ನೋಡುತ್ತ ಕುಳಿತಿದ್ದ ಗಂಡಸರೂ. ಕೆಲವರು ಧೈರ್ಯ ಮಾಡಿ ಗಾಡಿ ಹೊರಗೆ ತೆಗೆದಿದ್ದರು. ನೆಟ್ಟಗೆ ಓಡಿಸಿದವರನ್ನು ಕೆಟ್ಟುಹೋದ ಜಾಲದ ಗಾಡಿ ಎಂದು ತಿಳಿದು ಹಿಡಿದು ನಿಲ್ಲಿಸಿತ್ತು ಜಾಲ. ಎಮ್ಮೆಯಾಗುವುದು ಹೇಗೆಂದು ಹೇಳಿಕೊಡು ಎಂದು ದಾನಮ್ಮನನ್ನು ಕೇಳಿದರು.

"ಹೇಳಿಕೊಡೂದು ಏನೈತಿ?" ಎಂದಳು ಆಕೆ. "ನಿಮ್ಮ ಅಪ್ಪ ಹೆಂಗ ಓಡಿಸ್ತಿದ್ದ, ಹಂಗ ಓಡಿಸ್ರಿ. ಕರದವರಿಗೆ ನಿಲ್ಲಿಸ್ರಿ. ಅಷ್ಟ ಮಾಡಿದ್ರ ಸಾಕು, ಜಾಲಕ್ಕ ನೀವು ತಿಳಿಯಂಗಿಲ್ಲ."

ಈ ಹೊತ್ತು ಬೆಳಗ್ಗೆ ಪರದೆ ತೆರೆದಾಗ ನಮ್ಮ ಜಿಲ್ಲೆಯ ಒಳದಾರಿಗಳಿಂದ ಕಂದು ಗುರುತುಗಳು ಹೊರಬರುತ್ತಿದ್ದವು. ನಿಲ್ಲುತ್ತಿದ್ದವು, ಹೊರಡುತ್ತಿದ್ದವು, ಮತ್ತೆ ನಿಲ್ಲುತ್ತಿದ್ದವು. ಮೇಲಿನ ಕಚೇರಿಯಿಂದ ಫೋನ್ ಬಂತು, ನಿಮ್ಮಲ್ಲಿ ಇಷ್ಟೊಂದು ಜಾನುವಾರು ಎಲ್ಲಿಂದ ಬಂದವು ಎಂದು. ದೇಸಾಯಿ ಮೇಡಂ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು.

"ಇದರಾಗ ನಿಮ್ಮ ಮನೆಯವರು ಯಾರ್ರೀ?"

ನಾನು ಪರದೆಯನ್ನು ಬಹಳ ಹೊತ್ತು ನೋಡಿದೆ. ಎಲ್ಲವಕ್ಕೂ ಕೊಂಬಿದ್ದವು, ಎಲ್ಲವೂ ಒಂದೇ ರೀತಿ ನಡೆದುಕೊಳ್ಳುತ್ತಿದ್ದವು.

"ಗೊತ್ತಾಗವಲ್ದು ಮೇಡಂ," ಎಂದೆ.